ಏಳು ಇಂಚು ಇಪ್ಪತ್ತೈದು ಸೆಂಟು

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕಡೆ ಮಾತು ಕಡಿಮೆ, ಆಕಾಶ ನೋಡುವುದು ಜಾಸ್ತಿ. ಕೊಟ್ಟಿಗೆಹಾರದಲ್ಲಿ ಕಳಸದ ದಾರಿ ಹಿಡಿದು ಹೊರಟರೆ ಸಿಗುವ ಯಾವ ಮನೆಯ ಜಗಲಿಯನ್ನಾದರೂ ನೋಡಿ, ಒಬ್ಬರು ಹಿರಿಯರು ಕುರ್ಚಿ ಹಾಕಿಕೊಂಡು ಗುಡ್ಡದ ನೆತ್ತಿಯ ಮೇಲೆ ಕಣ್ಣಿಟ್ಟು ಕೂತಿರುತ್ತಾರೆ. ಕಾಫಿ ಮೊಗ್ಗು ಬಲಿತು ನಿಂತಿರುತ್ತದೆ. ಒಂದಿಂಚು ಮಳೆ ಬಿದ್ದರೆ ಹೂವು, ಬೀಳದಿದ್ದರೆ ಬ್ಯಾಂಕಿನವರ ಫೋನು. ನಮ್ಮ ಜಗಲಿಯಲ್ಲಿ ಆ ಕುರ್ಚಿ ದೊಡ್ಡಪ್ಪನದು. ವಯಸ್ಸು ಎಂಬತ್ತಾರು, ಕಿವಿ ಅರ್ಧ, ಲೆಕ್ಕ ಮಾತ್ರ ಪೂರ್ತಿ.

ಅಂಥ ಒಂದು ಮಾರ್ಚಿನ ಮಧ್ಯಾಹ್ನ ಮಗಳು ಮನೆಯ ಹಿಂದಿನ ದಿಬ್ಬದಿಂದ ಓಡಿಬಂದಳು. ಆ ದಿಬ್ಬಕ್ಕೆ ಹಿಂದೆ ಯಾವುದೋ ಭೂತದ ಹೆಸರಿತ್ತು, ಈಗ ಸಿಗ್ನಲ್ ಗುಡ್ಡ. ಅಲ್ಲಿನ ಹಲಸಿನ ಮರದ ಬುಡದಲ್ಲಿ ಬಾಳೂರಿನ ಕಡೆ ಮುಖ ಮಾಡಿ, ಎಡಗೈ ಎತ್ತಿ ನಿಂತರೆ ಎರಡು ಕಡ್ಡಿ ನೆಟ್‌ವರ್ಕು ಬರುತ್ತದೆ. ಮೊದಲು ಭೂತಕ್ಕೆ ಕೋಳಿ ಕೊಟ್ಟು ಕೈಮುಗಿಯುತ್ತಿದ್ದರು. ಈಗ ರೀಚಾರ್ಜು ಮಾಡಿಸಿ ಕೈ ಎತ್ತುತ್ತಾರೆ, ಅಷ್ಟೇ ವ್ಯತ್ಯಾಸ. ಎಂಜಿನಿಯರಿಂಗಿನ ಮೂರನೇ ಸೆಮಿಸ್ಟರಿನ ರಿಸಲ್ಟು ಬಂದ ದಿನ ಅವಳು ಬೆಳಗಿನ ತಿಂಡಿ ಮುಗಿಸಿದವಳೇ ಅಲ್ಲಿ ಹೋಗಿ ನಿಂತಿದ್ದಳು. ಅಂಗಳಕ್ಕೆ ಕಾಲಿಡುವ ಮೊದಲೇ ಕೂಗಿದಳು: “ಬಂತು! ಏಳೂ ಇಪ್ಪತ್ತೈದು!”

ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. “ಏಳಿಂಚು ಇಪ್ಪತ್ತೈದು ಸೆಂಟಾ? ಎಲ್ಲಿ? ಕಳಸದಲ್ಲಾ?”

ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ತೋಟಗಳಲ್ಲಿ ಮಾತ್ರ ದೊರೆಗಳು ಬಿಟ್ಟುಹೋದ ಇಂಚು ಹಾಗೇ ಉಳಿದುಕೊಂಡಿದೆ. ಒಂದಿಂಚಿಗೆ ನೂರು ಸೆಂಟು. ಬೆಳಗ್ಗೆ ಎದ್ದು ಮಳೆಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಪಕ್ಕದ ತೋಟಕ್ಕೆ ಫೋನು ಮಾಡಿ “ನಿಮ್ಮಲ್ಲೆಷ್ಟು?” ಅನ್ನಬೇಕು. ಅವರು ಎಷ್ಟೇ ಹೇಳಲಿ, ಮನಸ್ಸಿನಲ್ಲೇ ಹತ್ತು ಸೆಂಟು ಕಳೆದು ನಂಬಬೇಕು. ಹಾಗಾಗಿ ದಶಾಂಶ ಚುಕ್ಕೆ ಇರುವ ಯಾವ ಅಂಕಿ ಕಿವಿಗೆ ಬಿದ್ದರೂ ದೊಡ್ಡಪ್ಪನಿಗೆ ಅದು ಮಳೆಯೇ. ಹೂಮಳೆಗೆ ಕಾಯುವ ತಿಂಗಳಲ್ಲಿ ಏಳಿಂಚು ಅಂದರೆ ಹೂವಿನ ಮಾತು ಹಾಗಿರಲಿ, ಗಿಡವೇ ಹೊಳೆ ಸೇರೀತು ಎಂದು ಅವರ ಗಾಬರಿ.

“ಮಳೆ ಅಲ್ಲಜ್ಜಾ, ಎಸ್‌ಜಿಪಿಎ” ಎಂದಳು ಮಗಳು.

“ಅದು ಯಾವ ಊರು?”

ಊರಲ್ಲವೆಂದು ತಿಳಿಸಿ ಹೇಳುವ ಹೊತ್ತಿಗೆ ಅವಳ ಸಂಭ್ರಮದಲ್ಲಿ ಅರ್ಧ ಆರಿತ್ತು. ಉಳಿದರ್ಧವನ್ನು ಆರಿಸಿದವನು ನಾನು. ನಾನು ಬಿ.ಕಾಂ. ಮೈಸೂರು ವಿಶ್ವವಿದ್ಯಾನಿಲಯದ ಕಾಲದ ಸೆಕೆಂಡ್ ಕ್ಲಾಸು. ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದ್ದು 1987ರಲ್ಲಿ. ಅಷ್ಟರಲ್ಲಿ ನಾನು ಡಿಗ್ರಿ ಮುಗಿಸಿ, ಬೆಂಗಳೂರಿಗೆ ಹೋಗಿ, ವಾಪಸು ಬಂದು, ಬೂಟು ಹಾಕಿ ತೋಟಕ್ಕೆ ಇಳಿದಾಗಿತ್ತು. (ಈಗ ಮೂಡಿಗೆರೆಯಲ್ಲಿ ಬಿ.ಎ. ಮಾಡುವ ಮಕ್ಕಳ ಅಂಕಪಟ್ಟಿಯ ತಲೆಯ ಮೇಲೆ ಕುವೆಂಪು ಹೆಸರು. ಕಾಲೇಜು ತಪ್ಪಿಸಿ ಅವರು ಕಾಡು, ಕೆರೆ ಎಂದು ಸುತ್ತುವುದಕ್ಕೆ ಕೊಡುವ ಕಾರಣ ತೇಜಸ್ವಿ. ತಂದೆ ಮಗ ಸೇರಿ ಒಂದು ತಾಲ್ಲೂಕನ್ನು ಹೀಗೆ ಹಂಚಿಕೊಂಡದ್ದು ಬೇರೆಲ್ಲೂ ಇರಲಾರದು.) ಅಕೌಂಟ್ಸು ಓದಿದವನಾದ್ದರಿಂದ ಮನೆಗೆ ಬಂದ ಯಾವ ಬಿಲ್ಲನ್ನೂ ಒಂದು ಸಲ ಕೂಡಿ ನೋಡದೆ ಬಿಡುವವನಲ್ಲ. ಅವಳ ಫೋನು ಇಸಿದುಕೊಂಡು ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದೆ. ಒಂಬತ್ತು ವಿಷಯ. ಗಣಿತದಲ್ಲಿ 6, ಅದರ ಕೆಳಗಿನದರಲ್ಲಿ 6, ಆಮೇಲೆ 7, 7, 6, 8. ಎರಡು ಲ್ಯಾಬು, 10 ಮತ್ತು 9. ಕೊನೆಗೆ ಕನ್ನಡ, 10. ಕೂಡಿದರೆ 69. ಒಂಬತ್ತರಿಂದ ಭಾಗಿಸಿದರೆ 7.67.

“ನಿನಗೆ ಮೋಸ ಆಗಿದೆ” ಎಂದೆ. “ನಲವತ್ತೆರಡು ಸೆಂಟು ಹೊಡೆದಿದ್ದಾರೆ.” ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಲ್ಯಾಂಡ್‌ಲೈನಿನಿಂದ ಭಾವನಿಗೆ ಫೋನು ಮಾಡಿ 7.67 ಅಂತಲೂ ಹೇಳಿಬಿಟ್ಟೆ. ನಮ್ಮ ಭಾವನಿಗೆ ಹೇಳಿದ ಅಂಕಿ ಸಂಜೆಯೊಳಗೆ ಬಣಕಲ್ ಮುಟ್ಟುತ್ತದೆ, ಮಾರನೆಯ ದಿನ ಹೊರನಾಡಿನಲ್ಲಿ ಪ್ರಸಾದದ ಜೊತೆ ಸಿಗುತ್ತದೆ.

ಮಗಳು ಹಣೆ ಚಚ್ಚಿಕೊಂಡಳು. “ಅಪ್ಪಾ, ಎಲ್ಲಾ ಸಬ್ಜೆಕ್ಟಿಗೂ ಒಂದೇ ತೂಕ ಅಲ್ಲ ಮಾರಾಯ!”

ವಿಷಯ ಇಷ್ಟು. ಒಂದೊಂದು ವಿಷಯಕ್ಕೂ ಇಷ್ಟು ಕ್ರೆಡಿಟ್ಟು ಎಂದಿರುತ್ತದೆ, ಅದು ಅದರ ತೂಕ. ಅಂಕ ಎಷ್ಟು ಬಂತೋ ಅದರ ಮೇಲೆ ಗ್ರೇಡು, ಗ್ರೇಡಿಗೆ ಹತ್ತರೊಳಗೆ ಒಂದು ಪಾಯಿಂಟು. ತೂಕವನ್ನು ಪಾಯಿಂಟಿನಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ತೂಕದಿಂದ ಭಾಗಿಸಬೇಕು. ಅವಳ ಗಣಿತಕ್ಕೆ 3 ಕ್ರೆಡಿಟ್ಟು, ಮೂರಾರಲ ಹದಿನೆಂಟು. ಅದರ ಕೆಳಗಿನದು 4 ಕ್ರೆಡಿಟ್ಟಿನದು, ನಾಲ್ಕಾರಲ ಇಪ್ಪತ್ತನಾಲ್ಕು. ಮೂರು ಮೂರರ ನಾಲ್ಕು ವಿಷಯಗಳಿಂದ 84. ಲ್ಯಾಬುಗಳು ಎರಡೆರಡು, ಅವುಗಳಿಂದ 38. ಕನ್ನಡ 1 ಕ್ರೆಡಿಟ್ಟು, 10. ಒಟ್ಟು 174. ಕ್ರೆಡಿಟ್ಟು ಒಟ್ಟು 24. ಭಾಗಿಸಿದರೆ ಕರೆಕ್ಟಾಗಿ 7.25. ಭಾರದ ವಿಷಯಗಳಲ್ಲಿ ಅವಳು ಹಗುರ, ಹಗುರದ ವಿಷಯಗಳಲ್ಲಿ ಅವಳು ಭಾರ. ನಾನು ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ತಲೆ ಎಣಿಸಿದ್ದೆ.

ನಾನು ಪೆನ್ನು ಕಚ್ಚುತ್ತ ಕೂತಿದ್ದಾಗ ದೊಡ್ಡಪ್ಪ ಕನ್ನಡಕ ಏರಿಸಿ ಕ್ಯಾಲೆಂಡರನ್ನೇ ನೋಡಿದರು. ಒಂದು ನಿಮಿಷ. “ಇದು ಪೂಲಿನ ಲೆಕ್ಕ ಅಲ್ಲೇನೇ ಪೀಬೆರಿ?” ಎಂದರು.

ಪೀಬೆರಿ ಎಂದರೆ ಮಗಳು. ಕಾಫಿ ಹಣ್ಣಿನೊಳಗೆ ಸಾಧಾರಣವಾಗಿ ಎರಡು ಬೀಜ ಬೆನ್ನು ಹೊರಗೆ ಮಾಡಿ, ಹೊಟ್ಟೆ ಒಳಗೆ ಮಾಡಿ ಕೂತಿರುತ್ತವೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಗುಂಡಗೆ ಬೆಳೆದು ಇಡೀ ಮನೆ ತನ್ನದೆಂದು ಒರಗಿಬಿಟ್ಟಿರುತ್ತದೆ. ಅದು ಪೀಬೆರಿ. ನಮಗೆ ಅವಳೊಬ್ಬಳೇ ಎಂದು ದೊಡ್ಡಪ್ಪ ತೊಟ್ಟಿಲಲ್ಲೇ ಇಟ್ಟ ಹೆಸರು.

ಪೂಲು ಏನೆಂದು ಈಗಿನವರಿಗೆ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಕಾಫಿ ಕೇಳುವವರಿಲ್ಲದಾದಾಗ ಸರ್ಕಾರ ಕೈಹಾಕಿತು. 1942ರಲ್ಲಿ ಕಾಫಿ ಕಾಯ್ದೆ ಬಂತು. ಬೆಳೆದ ಕಾಫಿಯನ್ನು ನೀವೇ ಮಾರುವಂತಿಲ್ಲ, ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು. ಯಾರ ತೋಟದ್ದು ಯಾವುದೆಂಬ ಗುರುತು ಅಲ್ಲಿಗೆ ಮುಗಿಯಿತು, ಊರ ಕೆರೆಗೆ ಹಾಲು ಸುರಿದ ಹಾಗೆ. ಆದರೆ ಸುರಿಯುವ ಮೊದಲು ಕ್ಯೂರಿಂಗ್ ವರ್ಕ್ಸಿನಲ್ಲಿ ನಿಮ್ಮ ಕಾಫಿಯ ಜಾತಕ ಬರೆಯುತ್ತಿದ್ದರು: ಪ್ಲಾಂಟೇಷನ್ ಎ ಇಷ್ಟು ಕೆ.ಜಿ., ಪೀಬೆರಿ ಇಷ್ಟು, ಬಿ ಇಷ್ಟು, ಸಿ ಇಷ್ಟು, ಕರಿಯದು ಕಂದಿದ್ದು ಒಡೆದದ್ದು ಇಷ್ಟು. ಒಂದೊಂದು ಗ್ರೇಡಿಗೂ ಬೋರ್ಡು ಪಾಯಿಂಟು ಗೊತ್ತು ಮಾಡಿತ್ತು. ತೂಕವನ್ನು ಪಾಯಿಂಟಿನಿಂದ ಗುಣಿಸಿ ಕೂಡಿದರೆ ನಿಮ್ಮ ಒಟ್ಟು ಪಾಯಿಂಟು. ಪಾಯಿಂಟಿಗೆ ಇಷ್ಟು ಎಂದು ಬೋರ್ಡು ಆಗಾಗ ಘೋಷಿಸುತ್ತಿತ್ತು. ದುಡ್ಡು ಒಂದೇ ಗಂಟಿನಲ್ಲಿ ಬರುತ್ತಿರಲಿಲ್ಲ. ಮೊದಲ ಕಂತು, ಎರಡನೆಯದು, ಮೂರನೆಯದು. ಕೊನೆಯ ಕಂತು ಬರುವಾಗ ಆ ವರ್ಷದ ಕಾಫಿಯನ್ನು ಯಾವ ದೇಶದಲ್ಲೋ ಯಾರೋ ಕುಡಿದು ಮರೆತಿರುತ್ತಿದ್ದರು. ನಮ್ಮ ಅತ್ತೆಯ ಮದುವೆ ಎರಡನೇ ಕಂತಿಗೆ ನಿಶ್ಚಯವಾಗಿ ಮೂರನೇ ಕಂತಿಗೆ ನಡೆಯಿತೆಂದು ಮನೆಯಲ್ಲಿ ಈಗಲೂ ಹೇಳುತ್ತಾರೆ.

ತೊಂಬತ್ತರ ದಶಕದಲ್ಲಿ ಪೂಲು ಮೆಲ್ಲಗೆ ಸಡಿಲಾಯಿತು, 1996ರ ಹೊತ್ತಿಗೆ ಎಲ್ಲರೂ ತಂತಮ್ಮ ಕಾಫಿ ತಾವೇ ಮಾರುವಂತಾಯಿತು. ಪಾಯಿಂಟಿನ ಲೆಕ್ಕವೂ ಅದರ ಜೊತೆ ಹೋಯಿತು ಎಂದುಕೊಂಡಿದ್ದೆವು. ಅದು ಸೀದಾ ಹೋಗಿ ಕಾಲೇಜಿಗೆ ಸೇರಿಕೊಂಡಿದೆ ಎಂದು ಗೊತ್ತಾದದ್ದು ಆ ಮಧ್ಯಾಹ್ನ. ತಮ್ಮ ಕಾಲದ ನಾಣ್ಯ ಮತ್ತೆ ಚಲಾವಣೆಗೆ ಬಂದ ಹಾಗೆ ದೊಡ್ಡಪ್ಪ ಹಿಗ್ಗಿಹೋದರು. ಮೊಮ್ಮಗಳ ಪಕ್ಕ ಕೂತು ಗಣಿತ ಪ್ಲಾಂಟೇಷನ್ ಬಿ, ಲ್ಯಾಬು ಪ್ಲಾಂಟೇಷನ್ ಎ ಎಂದು ಗುರುತು ಹಾಕಿದರು. ಆದರೆ ಲೆಕ್ಕದ ಕೊನೆಯ ಸಾಲಿಗೆ ಬಂದಾಗ ಮುಖ ಗಂಟಿಕ್ಕಿತು.

“ಭಾಗಿಸಿದ್ದು ಯಾಕೆ?”

“ಸರಾಸರಿ ಬೇಕಲ್ಲಜ್ಜಾ.”

“ಪೂಲಲ್ಲಿ ಭಾಗಾಕಾರ ಇರಲಿಲ್ಲ. ಒಟ್ಟು ಪಾಯಿಂಟಿಗೆ ದುಡ್ಡು. ಜಾಸ್ತಿ ಬೆಳೆದೋನಿಗೆ ಜಾಸ್ತಿ. ಇಲ್ಲಿ ಕೂಡಿದ್ದನ್ನೆಲ್ಲ ಮತ್ತೆ ಭಾಗಿಸಿಬಿಟ್ಟರೆ ಹತ್ತು ಮೂಟೆಯವನೂ ಸಾವಿರ ಮೂಟೆಯವನೂ ಒಂದೇ ಆದನಲ್ಲ!”

ನಾನು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆಯನ್ನು ಇಷ್ಟು ಚೊಕ್ಕವಾಗಿ ಕೇಳಿದ್ದಿಲ್ಲ. ಮೂಟೆ ಎಷ್ಟೆಂದು ಕೇಳದೆ ಕಾಳು ಹೇಗಿದೆ ಎಂದು ಮಾತ್ರ ಕೇಳುವ ಲೆಕ್ಕ ಅದು. ಸಣ್ಣ ಬೆಳೆಗಾರನಾದ ನನಗೆ ಒಳಗೊಳಗೇ ಖುಷಿಯಾಯಿತು. ಭಾಗಾಕಾರದ ದಯೆಯಿಂದ ಜೀವನದಲ್ಲಿ ಒಂದು ಕಡೆಯಾದರೂ ದೊಡ್ಡ ಎಸ್ಟೇಟಿನವರಿಗೆ ಸಮನಾಗಿ ನಿಲ್ಲಬಹುದು.

ಸರಾಸರಿಯಲ್ಲಿ ಎಡವುವವನು ನಾನೊಬ್ಬನೇ ಅಲ್ಲ ಎಂಬುದನ್ನು ಇಲ್ಲೇ ದಾಖಲಿಸಬೇಕು. ನಮ್ಮ ಕಡೆಯ ಬೀಗರೂಟದಲ್ಲಿ ಪಂಕ್ತಿಗೆ ಕೂತವರು ಕಡುಬು ಬರುವ ತನಕ ಇಳುವರಿ ಮಾತಾಡುತ್ತಾರೆ. ಹಾಗೆ ಮಾತಾಡಿದವರೊಬ್ಬರಿಗೆ ಹೊಳೆ ಬದಿ ಎರಡು ಎಕರೆ, ದಿಣ್ಣೆಯ ಮೇಲೆ ಹತ್ತು ಎಕರೆ. ಹೊಳೆ ಬದಿಯಲ್ಲಿ ಎಕರೆಗೆ ಹತ್ತು ಮೂಟೆ, ದಿಣ್ಣೆಯಲ್ಲಿ ನಾಲ್ಕು. “ಸರಾಸರಿ ಏಳು” ಎಂದರು ಬಾಳೆಲೆಗೆ ನೀರು ಚಿಮುಕಿಸುತ್ತ. ಹನ್ನೆರಡು ಎಕರೆಯಲ್ಲಿ ಅರವತ್ತು ಮೂಟೆ ಬಂದರೆ ಸರಾಸರಿ ಐದು. ಹೇಳುವುದು ಹೇಗೆ, ಅವರು ಹುಡುಗಿಯ ಕಡೆಯವರು. ಸೆಮಿಸ್ಟರುಗಳ ಎಸ್‌ಜಿಪಿಎಗಳನ್ನು ಸುಮ್ಮನೆ ಕೂಡಿ ಭಾಗಿಸಿ ಸಿಜಿಪಿಎ ಎನ್ನುವ ಮಕ್ಕಳು ಇವರ ವಂಶದವರು. ಅಲ್ಲೂ ಆಯಾ ಸೆಮಿಸ್ಟರಿನ ಕ್ರೆಡಿಟ್ಟಿನ ತೂಕ ಹಾಕಬೇಕು. 20 ಕ್ರೆಡಿಟ್ಟಿನ ಸೆಮಿಸ್ಟರು ಹೊಳೆ ಬದಿಯದಾದರೆ, 24ರದು ದಿಣ್ಣೆ.

ಮಳೆಯ ವಿಷಯದಲ್ಲಿ ಮಾತ್ರ ಬೆಳೆಗಾರ ಎಂದೂ ಈ ತಪ್ಪು ಮಾಡುವುದಿಲ್ಲ. ವರ್ಷಕ್ಕೆ ನೂರು ಇಂಚು ದಾಟಿತು ಎಂದು ಹೊರಗಿನವರು ಅಭಿನಂದಿಸಿದರೆ ನಗುತ್ತಾನೆ. ಅದರಲ್ಲಿ ಜುಲೈದು ಎಷ್ಟು? ಜುಲೈಯ ಇಪ್ಪತ್ತಿಂಚಿಗೆ ಬರುವುದು ಕೊಳೆರೋಗ, ಕೆಳಗೆ ಕಳಸದಲ್ಲಿ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದು ಹೊರನಾಡಿನ ದಾರಿ ಬಂದ್. ಮಾರ್ಚಿನ ಒಂದಿಂಚಿಗೆ ಒಂದೇ ವಾರದಲ್ಲಿ ಇಡೀ ಗುಡ್ಡ ಬೆಳ್ಳಗಾಗಿ ಘಮ್ಮೆನ್ನುತ್ತದೆ. ಅದಾಗಿ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ ಒಂದಿಷ್ಟು ಬಿದ್ದರೆ ಕಾಯಿ ಕಚ್ಚುತ್ತದೆ. ಮಾರ್ಚಿನ ಮಳೆಗೆ 4 ಕ್ರೆಡಿಟ್ಟು, ಏಪ್ರಿಲಿನದಕ್ಕೆ 3. ಜುಲೈಯದು ಹಾಜರಿ ಪುಸ್ತಕಕ್ಕೆ ಮಾತ್ರ. ಅದೇ ನೀರು, ಅದೇ ಇಂಚು, ತೂಕ ಬೇರೆ. ಇಷ್ಟು ಗೊತ್ತಿದ್ದೂ ಮಗಳ ಮಾರ್ಕ್ಸಿನಲ್ಲಿ ನಾನು ಎಡವಿದ್ದು ಬಿ.ಕಾಂ.ನ ಅಹಂಕಾರದಿಂದ, ಬೇರೇನಲ್ಲ.

ತೂಕದ ಮಾತಿಗೆ ಒಂದು ಸಣ್ಣ ಹೊಟ್ಟೆಯುರಿ. ಅವಳು ಎಸ್ಸೆಸ್ಸೆಲ್ಸಿ ಬರೆದಾಗ ಒಟ್ಟು 625, ಅದರಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125, ಉಳಿದ ಐದಕ್ಕೆ ನೂರು ನೂರು. ಅಂದರೆ ಐದರಲ್ಲಿ ಒಂದು ಪಾಲು ಕನ್ನಡ, ಗಣಿತಕ್ಕಿಂತ ಕಾಲು ಭಾಗ ಭಾರ. ನಾಲ್ಕೈದು ವರ್ಷದಲ್ಲಿ ಅದೇ ಕನ್ನಡ 24ರಲ್ಲಿ 1 ಕ್ರೆಡಿಟ್ಟಿಗೆ ಇಳಿದು ಲ್ಯಾಬಿನ ಅರ್ಧದಷ್ಟಾಯಿತು. ಅದರಲ್ಲಿ ಅವಳು 10 ತೆಗೆದದ್ದು ಸರಾಸರಿಯ ಮೇಲೆ ಮಾಡಿದ ಪರಿಣಾಮ, ನಾಲ್ಕು ಗುಡ್ಡದಾಚೆ ಬಿದ್ದ ತುಂತುರು.

ಇನ್ನು ಒಂದು ಮುಕ್ಕಾಲಿನ ಲೆಕ್ಕ. ಇದೇ ದೊಡ್ಡ ಕಥೆ.

ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪ ಕೇಳಿದರು, “ಏಳೂಕಾಲು ಅಂದರೆ ನೂರಕ್ಕೆ ಎಷ್ಟು?” ನಾನು ಮತ್ತೆ ಬಾಯಿ ಹಾಕಿ “ಎಪ್ಪತ್ತೆರಡೂವರೆ” ಎಂದೆ. ಮಗಳು “ಅರವತ್ತೈದು” ಎಂದಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2015ರಿಂದ ಈ ಕ್ರೆಡಿಟ್ ಪದ್ಧತಿಗೆ ಬಂದಿದೆ. ಅವಳದು 2018ರ ಸ್ಕೀಮು. ಅದರಲ್ಲಿ ಶೇಕಡಾ ಬೇಕೆಂದರೆ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. 7.25ರಲ್ಲಿ ಮುಕ್ಕಾಲು ಹೋದರೆ ಆರೂವರೆ, ಅರವತ್ತೈದು. ಕ್ಯಾಂಪಸ್ಸಿಗೆ ಬರುವ ಕಂಪನಿ ಶೇಕಡಾ 60 ಕೇಳಿದರೆ 6 ಇದ್ದರೆ ಸಾಲದು, 6.75 ಇರಬೇಕು.

“ಮುಕ್ಕಾಲು ಯಾಕೆ ಕಳೀತಾರೆ?” ಎಂದೆ.

ದೊಡ್ಡಪ್ಪ ತುತ್ತು ನುಂಗಿ ತಣ್ಣಗೆ ಹೇಳಿದರು. “ತೇವ.”

ಕಾಫಿ ಮಾರಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನೀವು ಒಣಗಿಸಿ, ಕಚ್ಚಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ ಗಲಗಲ ಕೇಳಿ, ಮೂಟೆ ಕಟ್ಟಿ ಒಯ್ದಿರುತ್ತೀರಿ. ಅಲ್ಲಿ ಕೂತವನು ಒಂದು ಹಿಡಿ ತೆಗೆದು ಮೀಟರಿನ ಬಾಯಿಗೆ ಹಾಕಿ, ಮೀಟರನ್ನು ನಿಮಗೆ ಕಾಣದ ಹಾಗೆ ಓರೆ ಮಾಡಿ, “ತೇವ ಇದೆ ಗೌಡ್ರೇ” ಎನ್ನುತ್ತಾನೆ. ಅಲ್ಲಿಗೆ ಇಷ್ಟು ಕೆ.ಜಿ. ಕಡಿತ. ರೋಬಸ್ಟಾ ಚೆರ್ರಿಯಾದರೆ ಔಟ್‌ಟರ್ನ್ ಬೇರೆ; ಐವತ್ತು ಕೆ.ಜಿ. ಮೂಟೆಯಲ್ಲಿ ಸಿಪ್ಪೆ ಹೋಗಿ ಎಷ್ಟು ಕೆ.ಜಿ. ಬೀಜ ಸಿಕ್ಕಿತೋ ಅಷ್ಟಕ್ಕೆ ರೇಟು. ಇಪ್ಪತ್ತಾರು ಬರುತ್ತದೆಂದು ನಂಬಿ ಹೋದವನು ಇಪ್ಪತ್ತೈದಕ್ಕೆ ಒಪ್ಪಿ ಬರುತ್ತಾನೆ. ನಾವು ಒಯ್ದದ್ದಕ್ಕೂ ಅವರು ಬರೆದುಕೊಂಡದ್ದಕ್ಕೂ ನಡುವೆ ಸದಾ ಒಂದು ಮುಕ್ಕಾಲು ಇದ್ದೇ ಇದೆ. ದೊಡ್ಡಪ್ಪನ ಪ್ರಕಾರ ಮಗಳ ವಿದ್ಯೆ ಇನ್ನೂ ಸರಿಯಾಗಿ ಒಣಗಿಲ್ಲ.

ನಾನು ಆ ರಾತ್ರಿ ನಿದ್ದೆಗೆಟ್ಟು ಯೋಚಿಸಿ ಬೇರೊಂದು ಉತ್ತರ ಹುಡುಕಿದೆ. ಎಲ್ಲ ಇರುವುದು ಜರಡಿಯಲ್ಲಿ. ಪ್ಲಾಂಟೇಷನ್ ಎ ಗ್ರೇಡಿಗೆ 6.65 ಮಿಲಿಮೀಟರ್ ತೂತಿನ ಜರಡಿ. ಬೀಜ ಅದರ ಮೇಲೆ ನಿಂತರೆ ಎ. ಕೂದಲೆಳೆಯಷ್ಟು ಸಣ್ಣದಾಗಿ ಕೆಳಕ್ಕೆ ಜಾರಿದರೆ 6 ಮಿಲಿಮೀಟರಿನ ಜರಡಿ ಹಿಡಿದುಕೊಳ್ಳುತ್ತದೆ, ಅದು ಬಿ. ಎರಡು ಜರಡಿಯ ನಡುವಿನ ಬೀಜಗಳೆಲ್ಲ ಅಣ್ಣತಮ್ಮಂದಿರು, ದೊಡ್ಡದು ಚಿಕ್ಕದು ಎಂದಿಲ್ಲ. ಮಗಳ ಗ್ರೇಡೂ ಹೀಗೇ. 60 ತೆಗೆದವನಿಗೂ 7, 69 ತೆಗೆದವನಿಗೂ 7. 70 ಆದರೆ 8. ಹೀಗೆ ಜರಡಿ ಹಿಡಿಯುವಾಗ ಎಲ್ಲರನ್ನೂ ಮೇಲಿನ ಅಂಚಿಗೆ ಎತ್ತಿಬಿಟ್ಟಿದ್ದಾರೆ. 62 ಇದ್ದವನಿಗೆ 7 ಕೊಟ್ಟು, ಅದನ್ನು ಹಾಗೇ ಹತ್ತರಿಂದ ಗುಣಿಸಿದರೆ 70 ಆಗಿಬಿಡುತ್ತದೆ. ಕೊಟ್ಟ ಉಬ್ಬರವನ್ನು ಇಳಿಸಲೆಂದು ಕೊನೆಯಲ್ಲಿ ಮುಕ್ಕಾಲು ತೆಗೆಯುತ್ತಾರೆ. ಮೊದಲು ಧಾರಾಳ, ಆಮೇಲೆ ಕಡಿತ. ಬೆಳಗ್ಗೆ ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಿದೆ. ಶಾಂತವಾಗಿ ಕೇಳಿಸಿಕೊಂಡು, “ಅದನ್ನೇ ನಾನು ತೇವ ಅಂದಿದ್ದು” ಎಂದರು.

ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ತಮ್ಮನ ಮಗನಿಗೆ ಈ ರಗಳೆ ಇಲ್ಲ. ಕೃಷಿ ಕಾಲೇಜಿನವರು ಅಮೆರಿಕದ ಮಾದರಿ ಹಿಡಿದು, ಉಳಿದವರೆಲ್ಲ ಫಸ್ಟ್ ಕ್ಲಾಸು ಸೆಕೆಂಡ್ ಕ್ಲಾಸು ಎನ್ನುತ್ತಿದ್ದ ಕಾಲದಿಂದಲೂ ಗ್ರೇಡ್ ಪಾಯಿಂಟಿನಲ್ಲೇ ಇದ್ದಾರೆ. ಅವನಿಗೆ 69 ಬಂದರೆ 6.9, ಜರಡಿ ಇಲ್ಲ. ಆದರೆ ಅವನ ಅಕ್ಕ, ಅದೇ ಮನೆಯವಳು, ಬಿ.ಎ.ಗೆ ಸೇರಿದ್ದು 2021ರಲ್ಲಿ, ಹೊಸ ಶಿಕ್ಷಣ ನೀತಿಯ ಮೊದಲ ಬ್ಯಾಚಿಗೆ. 2024ಕ್ಕೆ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಒಂದೇ ಬಚ್ಚಲಿನಲ್ಲಿ ಮಿಂದ ಮಕ್ಕಳಿಗೆ ಬೇರೆ ಬೇರೆ ಸ್ಕೀಮು. ನಮ್ಮ ಗುಡ್ಡವೂ ಹಾಗೇ ಇದೆ, ದೂರುವ ಹಾಗಿಲ್ಲ. ಕೆಳಗಡೆ ದೊಡ್ಡಪ್ಪ ನೆಟ್ಟ ಎಸ್. 795, ನಡುವೆ ನಾನು ಆಸೆಪಟ್ಟು ಹಾಕಿದ ಕಾವೇರಿ, ಅದು ಎಲೆತುಕ್ಕಿಗೆ ಸೋತ ಮೇಲೆ ತುಂಬಿದ ಚಂದ್ರಗಿರಿ. ಎಲ್ಲ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಪಾಸಾಗಿ ಬಂದವೇ. 1925ರಲ್ಲಿ ಶುರುವಾದ ಆ ಕೇಂದ್ರದಲ್ಲಿ ಗಿಡಗಳಿಗೆ ಹೆಸರಿಡುವ ಮೊದಲು ನಂಬರು ಕೊಡುತ್ತಿದ್ದರು. ಎಸ್. 795 ಅಂದರೆ ಕೆಂಟ್ಸ್ ಮತ್ತು ಎಸ್. 288ರ ಸಂಕರ. ಎಂಬತ್ತು ವರ್ಷವಾಗುತ್ತ ಬಂದರೂ ಅದನ್ನು ಎಲ್ಲರೂ ರಿಜಿಸ್ಟರ್ ನಂಬರಿನಲ್ಲೇ ಕರೆಯುತ್ತಾರೆ, ಹೆಸರಿಡಲು ಯಾರಿಗೂ ಪುರುಸೊತ್ತಾಗಿಲ್ಲ. ಅದಕ್ಕೇನೂ ಬೇಸರವಾದ ಹಾಗೆ ಕಾಣುವುದಿಲ್ಲ, ವರ್ಷಾ ವರ್ಷಾ ಕಾಯಿ ಕೊಡುತ್ತಿದೆ.

ರಿಜಿಸ್ಟರ್ ನಂಬರು ಅಂದಾಗ ನನ್ನ ಎಸ್ಸೆಸ್ಸೆಲ್ಸಿ ನೆನಪಾಗುತ್ತದೆ. ರಿಸಲ್ಟು ಬರುತ್ತಿದ್ದುದು ಪೇಪರಿನಲ್ಲಿ, ಇರುವೆ ಸಾಲಿನಂಥ ನಂಬರುಗಳು. ಪೇಪರು ಬರುತ್ತಿದ್ದುದು ಮಧ್ಯಾಹ್ನದ ಬಸ್ಸಿಗೆ. ಬಸ್ಸು ಬರುವ ಹೊತ್ತಿಗೆ ಅಂಗಡಿ ಎದುರು ಊರೇ ಸೇರುತ್ತಿತ್ತು. ಮೊದಲು ಫಸ್ಟ್ ಕ್ಲಾಸಿನ ಸಾಲಿನಲ್ಲಿ ಹುಡುಕುವುದು ಮರ್ಯಾದೆಗೆ. ಆಮೇಲೆ ಸೆಕೆಂಡ್ ಕ್ಲಾಸು. ಅಲ್ಲೂ ಇಲ್ಲದಿದ್ದರೆ ಉಸಿರು ಬಿಗಿಹಿಡಿದು ಬರೀ ಪಾಸಿನ ಸಾಲು. ಅಲ್ಲೂ ಇಲ್ಲದಿದ್ದರೆ ಅಚ್ಚಿನ ತಪ್ಪು. ಅಚ್ಚಿನ ತಪ್ಪಿಗೆ ಬಲಿಯಾದ ಎಷ್ಟೋ ಜನ ನಮ್ಮ ಕಡೆ ಒಳ್ಳೆಯ ಪ್ಲಾಂಟರುಗಳಾಗಿದ್ದಾರೆ. ಆ ಪೇಪರಿನಲ್ಲಿ ದಶಾಂಶವಿರಲಿಲ್ಲ. ಮೂರು ಜರಡಿ, ಮುಗಿಯಿತು.

ಮನುಷ್ಯರನ್ನು ಹೀಗೆ ಜರಡಿ ಹಿಡಿಯುವುದು ಎಲ್ಲಿ ಶುರುವಾಯಿತೋ. ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ 1785ರಲ್ಲಿ ಪರೀಕ್ಷೆಗೆ ಕೂತ 58 ಹುಡುಗರನ್ನು ತನ್ನ ಡೈರಿಯಲ್ಲಿ ಲ್ಯಾಟಿನ್ ಹೆಸರು ಕೊಟ್ಟು ನಾಲ್ಕು ಗುಡ್ಡೆ ಮಾಡಿದ್ದ. ಅತ್ಯುತ್ತಮರು 20, ಎರಡನೇ ಅತ್ಯುತ್ತಮರು 16, ಸಾಧಾರಣರು 12, ಕಡೆಯವರು 10. ಇಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳುತ್ತಿದ್ದ ಕಾಲ. ದೊಡ್ಡಪ್ಪನಿಗೆ ಓದಿ ಹೇಳಿದೆ. ಬೆರಳಲ್ಲಿ ಎಣಿಸಿ, “ಎ, ಬಿ, ಸಿ, ಕರಿ ಕಾಳು. ಪೀಬೆರಿ ಬೇರೆ ತೆಗೆದಿಲ್ಲ” ಎಂದು ಆ ಕ್ಯೂರಿಂಗಿನ ಬಗ್ಗೆ ಅತೃಪ್ತಿ ಸೂಚಿಸಿದರು. ಅವರ ಮಾತು ಸರಿ. ಪೀಬೆರಿ ಗುಂಡಗಿರುವುದರಿಂದ ಓರೆ ಹಲಗೆಯ ಮೇಲೆ ಉರುಳಿ ತಾನೇ ಬೇರೆಯಾಗುತ್ತದೆ. ಚಪ್ಪಟೆ ಬೀಜಗಳ ಗಾತ್ರದ ಲೆಕ್ಕಕ್ಕೆ ಅದನ್ನು ಹಿಡಿಯುವುದಿಲ್ಲ, ಅದರದೇ ಗ್ರೇಡು, ಅದರದೇ ರೇಟು. ಕಾಲೇಜಿನಲ್ಲಿ ಉರುಳಿ ಹೋದವರಿಗೆ ಅಂಥ ಹಲಗೆ ಇನ್ನೂ ಬಂದಿಲ್ಲ.

ಇದಾದ ವಾರಕ್ಕೆ ಮಗಳು ಹಾಸ್ಟೆಲಿಗೆ ಹೊರಟಳು. ಮಳೆ ಇನ್ನೂ ಬಂದಿರಲಿಲ್ಲ. ಮೊಗ್ಗು ಕೆಲವು ಗಿಡದಲ್ಲಿ ಕಂದತೊಡಗಿತ್ತು, ದೊಡ್ಡಪ್ಪನ ಕುರ್ಚಿ ಅಂಗಳದ ಕಡೆಗೆ ಎರಡಡಿ ಸರಿದಿತ್ತು. ಬಸ್ಸಿಗೆ ಅರ್ಧ ಗಂಟೆ ಇತ್ತು. ಹೆಂಡತಿ ಕಾಫಿ ತಂದಳು.

ನಮ್ಮ ಮನೆಯ ಕಾಫಿಯ ಗುಟ್ಟನ್ನು ಇಲ್ಲಿ ಹೇಳಿಬಿಡಬೇಕು. ಪ್ರವಾಸಿಗಳು ತೋಟದ ಮನೆಗೆ ಬಂದರೆ ಕಣ್ಣುಮುಚ್ಚಿ ವಾಸನೆ ತೆಗೆದು, ಇದರ ಮುಂದೆ ಬೆಂಗಳೂರಿನದೇನು ಎನ್ನುತ್ತಾರೆ. ಬೆಂಗಳೂರಿನದೇ ವಾಸಿ. ಎ ಗ್ರೇಡು ಹಡಗು ಹತ್ತುತ್ತದೆ, ಬಿ ಪೇಟೆಗೆ ಹೋಗುತ್ತದೆ. ಗಿಡದ ಬುಡದಲ್ಲಿ ಉದುರಿದ್ದು, ಇಲಿ ಕಡಿದದ್ದು, ಒಡೆದದ್ದು, ಕಪ್ಪಾದದ್ದು ಎಲ್ಲ ಹೆಕ್ಕಿ ಒಣಗಿಸಿ ಹುರಿದು ಪುಡಿ ಮಾಡಿಸಿದರೆ ಬೆಳೆಗಾರನ ಮನೆಯ ಕಾಫಿ. ಬೆಲ್ಲ ಹಾಕುವುದು ಆ ಸತ್ಯ ಮುಚ್ಚಲಿಕ್ಕೆ.

ಮಗಳು ಕಾಲೇಜಿನ ಗೆಳತಿಯೊಬ್ಬಳಿಂದ ಹೊಸದೊಂದು ಕಲಿತು ಬಂದಿದ್ದಳು. ಕಾಫಿಯ ರುಚಿ ನೋಡುವ ಪರಿಣತರು ಚಮಚದಲ್ಲಿ ಎತ್ತಿ ಸರ್ರನೆ ಹೀರಿ, ಬಾಯೆಲ್ಲ ಆಡಿಸಿ, ಉಗಿದು, ಅಂಕ ಕೊಡುತ್ತಾರಂತೆ. ಘಮ, ರುಚಿ, ಗುಟುಕರಿಸಿದ ಮೇಲೆ ಉಳಿಯುವ ರುಚಿ, ಹುಳಿ, ಮೈ, ಸಿಹಿ, ಹೀಗೆ ಹತ್ತು ವಿಷಯ, ಒಂದೊಂದಕ್ಕೆ ಹತ್ತು. ಕೂಡಿ 80 ಮುಟ್ಟಿದರೆ ಅದು ಸ್ಪೆಷಾಲಿಟಿ, ರೇಟೇ ಬೇರೆ. ಕಾಲು ಕಾಲು ಪಾಯಿಂಟಿನಲ್ಲೂ ಕೊಡುತ್ತಾರೆ, 7.25, 7.5 ಎಂದು.

“ಎಲ್ಲಾದಕ್ಕೂ ಒಂದೇ ಕ್ರೆಡಿಟ್ಟಾ?” ಎಂದರು ದೊಡ್ಡಪ್ಪ. ಈಗ ಅವರಿಗೆ ಪದ ಬಂದುಬಿಟ್ಟಿತ್ತು.

“ಒಂದೇ.”

“ಹಂಗಾರೆ ನಿಮ್ಮಪ್ಪ ಮಾಡಿದ ಲೆಕ್ಕ ಅದಕ್ಕೆ ಆಗ್ತದೆ.” ನನ್ನ ಕಡೆ ನೋಡದೆಯೇ ಹೇಳಿದರು. “ಈ ಲೋಟಕ್ಕೆ ಎಷ್ಟು ಕೊಡ್ತೀಯ ನೋಡನ.”

ಅವಳು ಬ್ಯಾಗು ಕೆಳಗಿಟ್ಟು, ಚಮಚ ತಂದು, ಅಜ್ಜನ ಲೋಟದಿಂದ ಒಂದು ಚಮಚ ಎತ್ತಿ ಸರ್ರನೆ ಎಳೆದಳು. ಬೆಕ್ಕು ಎದ್ದು ಹೊರಗೆ ಹೋಯಿತು. ಉಗಿಯಲಿಲ್ಲ, ಅವರಮ್ಮ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಮುಚ್ಚಿ ಬೆರಳು ಮಡಿಸುತ್ತ ಏನೇನೋ ಕೂಡಿ, ಹತ್ತರಿಂದ ಭಾಗಿಸಿ, “ಆರೂ ಮುಕ್ಕಾಲು” ಎಂದಳು.

ದೊಡ್ಡಪ್ಪ ಲೋಟ ವಾಪಸು ಇಸಿದುಕೊಂಡರು. ಗುಡ್ಡದ ಕಡೆ ಒಮ್ಮೆ ನೋಡಿದರು.

“ತೇವ ಕಳೆದ ಮೇಲೋ, ಕಳೆಯೋ ಮೊದಲೋ?”